ಶಿವನಂಜಮ್ಮನವರ ಕರಡಿಗೆ

“ನನ್ನ ಲಿಂಗ! ನನ್ನ ಕರಡಿಗೆ ಎಲ್ಲಿ?”

ಆ ಕೂಗಿಗೆ ಗಾಡಿಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಬಾಗಿಲ ಬಳಿಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಶಿವನಂಜಮ್ಮ ಎದ್ದು ನಿಂತು ಕೊರಳು, ಎದೆ, ಸೆರಗು ತಡಕಾಡುತ್ತಿದ್ದರು. ಹುಟ್ಟಿದಾಗಿನಿಂದ ಎದೆಯ ಮೇಲಿದ್ದ ಇಷ್ಟಲಿಂಗ, ಅದನ್ನಿಟ್ಟ ಬೆಳ್ಳಿ ಕರಡಿಗೆ, ಕಟ್ಟಿದ್ದ ಶಿವದಾರ— ಯಾವುದೂ ಇಲ್ಲ!

ಅದೇ ಹೊತ್ತಿಗೆ ರೈಲು ಒಂದು ಸಲ ಜಗ್ಗಿ ನಿಂತುಬಿಟ್ಟಿತು.

೧೯೫೬ರ ಭಾದ್ರಪದ. ಮಹಾರಾಜರ ಕಾಲದ ಹಳೆಯ ಉಗಿ ಇಂಜಿನ್ನೊಂದನ್ನು ಮೂಲೆಗೆ ಸೇರಿಸುವ ಮುಂಚೆ ಒಮ್ಮೆ ಓಡಿಸಿ ನೋಡೋಣವೆಂದು ಕೃಷ್ಣರಾಜನಗರದ ಸೇವಾ ಸಂಘದವರು ವಿಹಾರದ ಗಾಡಿ ಹೊರಡಿಸಿದ್ದರು. ಕಟ್ಟೆ ತುಂಬಿತ್ತು. ಕನ್ನಂಬಾಡಿಯ ಹಿನ್ನೀರು ಸಮುದ್ರದ ಹಾಗೆ ಹರಡಿತ್ತು. ಅದರ ಅಂಚಿನಲ್ಲೇ ಸಾಗರಕಟ್ಟೆಯ ಸೇತುವೆಯವರೆಗೆ ಬಂದ ಗಾಡಿ ಈಗ ಕಿರಿದಾದ ಏರಿಯ ಮೇಲೆ ನಿಂತಿತ್ತು. ಎಡಕ್ಕೆ ನೀರು. ಬಲಕ್ಕೂ ನೀರು.

ಗಾರ್ಡ್ ಗಾಡಿಯ ಹೊರಗಿನ ಮೆಟ್ಟುಹಲಗೆಯ ಮೇಲೆ ನಡೆದು ಕಿಟಕಿಯ ಹತ್ತಿರ ಬಂದು ಕೂಗಿದ: “ಬಾಯ್ಲರ್‌ನಲ್ಲಿ ಉಗಿ ನಿಲ್ತಾ ಇಲ್ಲ. ಮೈಸೂರಿಂದ ಬೇರೆ ಇಂಜಿನ್ ಬರಬೇಕು. ಯಾರೂ ಇಳೀಬೇಡಿ, ಕಾಲಿಡೋಕೂ ಜಾಗ ಇಲ್ಲ!”

ಬಾಗಿಲುಗಳು ಮುಚ್ಚಿಕೊಂಡವು. ಎಲ್ಲರ ಕಣ್ಣೂ ಒಬ್ಬನ ಕಡೆ ತಿರುಗಿದವು— ಹುಣಸೂರಿನ ಸಬ್ ಇನ್ಸ್‌ಪೆಕ್ಟರ್ ವೀರಭದ್ರಸ್ವಾಮಿ. ರಜೆ ಹಾಕಿ ನೀರು ನೋಡಲು ಬಂದಿದ್ದವನು ನಿಟ್ಟುಸಿರಿಟ್ಟು ಎದ್ದ.

“ಕೊನೆ ಸಲ ಯಾವಾಗ ಮುಟ್ಟಿ ನೋಡಿದ್ರಿ, ತಾಯಿ?”

“ಗಾಡಿ ಹೊರಟ ಮೇಲೆ. ಕಣ್ಣಿಗೊತ್ತಿಕೊಂಡೆ. ಆಮೇಲೆ ಜೊಂಪು ಹತ್ತಿತು.”

ಹೊರಟ ಮೇಲೆ ಗಾಡಿ ಎಲ್ಲಿಯೂ ನಿಂತಿಲ್ಲ. ಹಾಗಾದರೆ ತೆಗೆದವರು ಇಲ್ಲೇ ಇದ್ದಾರೆ!

ಮುದುಕಿಯ ಒಂದು ಪಕ್ಕ, ಬಾಗಿಲ ಕಡೆಗೆ, ಸೊಸೆ ಶಿವರುದ್ರಮ್ಮ. ಇನ್ನೊಂದು ಪಕ್ಕ ಹಂಪಾಪುರದ ಭದ್ರಮ್ಮ, ಕುರಿ ಸಾಕುವ ಮನೆಯ ಹೆಂಗಸು. ಎದುರಿಗೆ ಪಿರಿಯಾಪಟ್ಟಣದ ಬೆಳ್ಳಿ ವ್ಯಾಪಾರಿ ಕಂಠಪ್ಪ.

“ಒಳ್ಳೆ ಗಟ್ಟಿ ಬೆಳ್ಳಿ ಸ್ವಾಮಿ ಅದು, ಬೆಳಿಗ್ಗೆ ನಾನೇ ನೋಡಿದ್ದೆ,” ಎಂದ ಕಂಠಪ್ಪ. “ಇವಳು ಅವರ ಮೈಗೆ ಅಂಟಿಕೊಂಡೇ ಕೂತಿದ್ಳು. ಕೇಳಿ ಇವಳನ್ನ!”

“ನಾನ್ಯಾಕೆ ತಕ್ಕಳ್ಳಾನ ಸಾವ್ಕಾರ್ರೆ?” ಭದ್ರಮ್ಮ ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡಳು. “ಅಜ್ಜಿ ಒರಗ್ತಿದ್ರು, ಬೀಳ್ದಂಗೆ ಎಗಲು ಕೊಟ್ಟಿವ್ನಿ, ಅಷ್ಟೇಯ.”

ಯಾರಾದರೂ ತಡೆಯುವ ಮೊದಲೇ ಕಂಠಪ್ಪ ಅವಳ ಗಂಟು ಎಳೆದು ಕೊಡವಿದ. ರೊಟ್ಟಿ, ಒಂದು ಸೀರೆ, ಎಲೆಯಡಿಕೆ ನೆಲಕ್ಕೆ ಬಿದ್ದವು. ಬೇರೇನೂ ಇಲ್ಲ.

“ಸಾಕು!” ವೀರಭದ್ರಸ್ವಾಮಿ ಗದರಿದ. “ಬಿಚ್ಚೋದಾದ್ರೆ ಎಲ್ಲರದೂ ಬಿಚ್ಚಬೇಕು. ನಿಮ್ಮ ಪೆಟ್ಟಿಗೆಯಿಂದ್ಲೇ ಶುರು ಮಾಡೋಣ.”

ಪೆಟ್ಟಿಗೆ, ಚೀಲ, ಬುಟ್ಟಿ, ಬೆಂಚಿನಡಿ— ಎಲ್ಲ ನೋಡಿದ್ದಾಯಿತು. ಕರಡಿಗೆ ಸಿಗಲಿಲ್ಲ. ದಾರದ ಒಂದು ತುಂಡೂ ಸಿಗಲಿಲ್ಲ.

ಬಿಸಿಲೇರಿತು. ಕಾದ ತಗಡಿನ ಕೆಳಗೆ ಗಾಡಿ ಕುಲುಮೆಯಾಯಿತು. ಯಾರೋ ಮಣ್ಣಿನ ಹೂಜಿ ತಂದಿದ್ದರು, ಲೋಟ ಕೈಯಿಂದ ಕೈಗೆ ಹೋಯಿತು. ಕಂಠಪ್ಪ ಎರಡು ಲೋಟ ಸುರಿದುಕೊಂಡ. ಭದ್ರಮ್ಮ ಅಳು ನುಂಗುತ್ತಲೇ ಕುಡಿದಳು. ವೀರಭದ್ರಸ್ವಾಮಿಯೂ ಕುಡಿದ. ಶಿವರುದ್ರಮ್ಮ ಲೋಟವನ್ನು ಹಾಗೆಯೇ ಮುಂದಿನವರಿಗೆ ದಾಟಿಸಿದಳು.

“ನೀವು ಒಂದು ಗುಟುಕು, ತಾಯಿ?”

ಶಿವನಂಜಮ್ಮ ತಲೆಯಾಡಿಸಿದರು. “ಲಿಂಗ ಕಾಣೋವರೆಗೂ ನೀರು ಮುಟ್ಟಲ್ಲಪ್ಪ.”

ಅವರ ತುಟಿ ಬಿರಿದಿತ್ತು, ಕಣ್ಣು ಮೇಲೇರುತ್ತಿತ್ತು. ವೀರಭದ್ರಸ್ವಾಮಿಯೂ ಲಿಂಗವಂತನೇ, ಆ ಮಾತಿನ ಗಟ್ಟಿತನ ಅವನಿಗೆ ಗೊತ್ತಿತ್ತು. ಎತ್ತ ನೋಡಿದರೂ ನೀರು, ನಡುವೆ ಬಾಯಾರಿ ಒಣಗುತ್ತಿರುವ ಮುದುಕಿ. ಓಡಿಹೋಗಿ ವೈದ್ಯರನ್ನು ಕರೆತರೋಣವೆಂದರೆ ದಾರಿಯಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

“ಅಜ್ಜಿ ಸತ್ರೆ ಆ ಪಾಪ ನಿನ್ನ ತಲೆಗೇ ಕಣಮ್ಮ!” ಹಿಂದಿನಿಂದ ಯಾರೋ ಕೂಗಿದರು. ಭದ್ರಮ್ಮ ಮುಖ ಮುಚ್ಚಿಕೊಂಡಳು. ಇನ್ನು ತಡಮಾಡಿದರೆ ಜನ ಅವಳ ಮೇಲೆ ಕೈಮಾಡುತ್ತಾರೆ.

“ಬಾಗಿಲು ಒಂಚೂರು ತೆಗೀರಪ್ಪ,” ಎಂದರು ಶಿವನಂಜಮ್ಮ ಕ್ಷೀಣವಾಗಿ. “ನಮ್ಮ ತೌರೂರು ಈ ನೀರಡೀಲೇ ಇದೆ. ನೋಡ್ಬೇಕು.”

“ಬೇಡ!” ಶಿವರುದ್ರಮ್ಮ ಚಂಗನೆ ಎದ್ದು ಬಾಗಿಲಿಗೆ ಬೆನ್ನು ಕೊಟ್ಟಳು. ಎಲ್ಲರೂ ನೋಡಿದ್ದು ಕಂಡು ಮೆಲ್ಲಗೆ ಸೇರಿಸಿದಳು: “ಗಾರ್ಡ್ ಬೈತಾರೆ...”

“ಬೆಳಗಿಂದ ಇದೇ ಆಯ್ತು,” ಕಂಠಪ್ಪ ಗೊಣಗಿದ. “ಅಜ್ಜಿ ಸೇತುವೆ ಬಂತಾ, ಸೇತುವೆ ಬಂತಾ ಅಂತಾರೆ. ಬಾಗಿಲ ಕಡೆ ಕೂರ್ತೀನಿ ಅಂದ್ರೆ ಸೊಸೆ ಬಿಡಲ್ಲ!”

ವೀರಭದ್ರಸ್ವಾಮಿ ಸೊಸೆಯನ್ನು ದಿಟ್ಟಿಸಿದ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು.

“ಮನೆ ಬೀಗದ ಕೈ ನಿಮ್ಮ ಹತ್ರಾನೇ ಇರುತ್ತಾ?”

“ಇಲ್ಲ... ಅತ್ತೆ ಇವತ್ತೇ ಕೊಟ್ರು. ಮದುವೆಯಾಗಿ ಬಂದಾಗಿಂದ ಒಂದಿನಾನೂ ಕೊಟ್ಟಿರಲಿಲ್ಲ.”

“ಯಜಮಾನರು?”

“ಹೋದ ವರ್ಷ ತೀರಿಕೊಂಡ್ರು. ಮನೇಲಿ ನಾವಿಬ್ರೇ.”

“ತೌರಿನೋರು?”

“ಹನಗೋಡು. ಇನ್ನೊಂದು ಮದುವೆ ಮಾಡ್ತೀವಿ ಬಾ ಅಂತ ಕರೀತಾನೇ ಇದಾರೆ. ಅತ್ತೇನ ಒಬ್ರನ್ನೇ ಬಿಟ್ಟು ಹೆಂಗೆ ಹೋಗ್ಲಿ?”

ಶಿವನಂಜಮ್ಮ ಮುಖ ಆ ಕಡೆ ತಿರುಗಿಸಿಕೊಂಡರು. ವೀರಭದ್ರಸ್ವಾಮಿಗೆ ಅಷ್ಟು ಸಾಕಾಯಿತು. ಅವನು ತಗ್ಗಿದ ದನಿಯಲ್ಲಿ ಕೇಳಿದ:

“ಶಿವರುದ್ರಮ್ಮ, ನಿಮ್ಮ ಕೊರಳಲ್ಲಿ ಶಿವದಾರ ಎಷ್ಟಿದೆ?”

ಅವಳ ಕೈ ತಾನಾಗಿ ಎದೆಗೆ ಹೋಯಿತು. ಮೆಲ್ಲಗೆ ಒಂದು ದಾರ ಹೊರಬಂತು. ಹಿಂದೆಯೇ— ಇನ್ನೊಂದು.

“ನೀನಾ?” ಎಂದರು ಶಿವನಂಜಮ್ಮ.

“ಬೆಳ್ಳಿ ಬೇಕಾದೋನು ದಾರ ಕತ್ತರಿಸಿ ಬಿಸಾಕ್ತಾನೆ,” ವೀರಭದ್ರಸ್ವಾಮಿ ಹೇಳಿದ. “ಇಲ್ಲಿ ಯಾರೋ ಕತ್ತಿನ ಹಿಂದಿನ ಗಂಟನ್ನ ನಿಧಾನವಾಗಿ ಬಿಚ್ಚಿದಾರೆ. ಹಿಂದೆ ಕೈ ಹಾಕಿದ್ರೂ ಈ ತಾಯಿಗೆ ಎಚ್ಚರ ಆಗಲಿಲ್ಲ— ದಿನಾ ಮುಟ್ಟೋ ಕೈ ಅದು. ಲಿಂಗ ಅಂದ್ರೆ ಏನು ಅಂತ ಬಲ್ಲೋರು ಅದನ್ನ ಚೀಲಕ್ಕೆ ತುರುಕಲ್ಲ, ಬೆಂಚಿನಡಿ ಇಡಲ್ಲ. ಎದೆ ಮೇಲೇ ಇಟ್ಕೋತಾರೆ. ನಾವು ಗಂಟುಮೂಟೆ ಎಲ್ಲ ಬಿಚ್ಚಿದ್ವಿ, ಕೊರಳಲ್ಲಿ ದಾರ ಇದ್ದೋರನ್ನ ಮಾತ್ರ ಕೇಳಲಿಲ್ಲ.”

“ದಾರ ನನ್ನ ಕೊರಳಲ್ಲೂ ಇದೆಯಲ್ಲ ಸ್ವಾಮಿ?” ಎಂದ ಕಂಠಪ್ಪ.

“ನೀವು ಎರಡು ಲೋಟ ನೀರು ಕುಡಿದ್ರಿ. ನಾನೂ ಕುಡಿದೆ. ಈ ಬೇಗೇಲಿ ನೀರು ಮುಟ್ಟದೆ ಕೂತೋರು ಇಬ್ರೇ. ಒಬ್ರು ಲಿಂಗ ಕಳಕೊಂಡೋರು. ಇನ್ನೊಬ್ರು ತೆಗೆದೋರು. ಅತ್ತೆ ಒಣಗ್ತಿರುವಾಗ ಸೊಸೆಯ ಗಂಟಲಲ್ಲಿ ನೀರು ಇಳೀಲಿಲ್ಲ.”

ಶಿವರುದ್ರಮ್ಮ ಕುಸಿದು ಕುಳಿತಳು. “ಬೆಳಿಗ್ಗೆ ಬೀಗದ ಕೈ ಕೊಟ್ಟಾಗಲೇ ಎದೆ ಝಲ್ ಅಂತು, ಸ್ವಾಮಿ. ಆಮೇಲೆ ಸೇತುವೆ, ಬಾಗಿಲು ಅಂತ ಶುರು ಮಾಡಿದ್ರು. ನೀರಿಗೆ ಹಾರೋ ಯೋಚನೆ ಅಂತ ಹೊಳೀತು. ಲಿಂಗ ಎದೆ ಮೇಲಿಲ್ದೆ ಅತ್ತೆ ಪ್ರಾಣ ಬಿಡಲ್ಲ ಅಂತ ನಂಗೊತ್ತು. ಸೇತುವೆ ದಾಟಿದ ಕೂಡಲೇ ಕಟ್ಟಿಬಿಡೋಣ ಅಂತಿದ್ದೆ. ಗಾಡಿ ಇಲ್ಲೇ ನಿಂತುಬಿಡ್ತು... ಕೊಡೋ ಹಂಗೂ ಇಲ್ಲ, ಇಟ್ಕೊಳ್ಳೋ ಹಂಗೂ ಇಲ್ಲ.”

“ಹೌದಾ, ತಾಯಿ?” ಎಂದು ಕೇಳಿದ ವೀರಭದ್ರಸ್ವಾಮಿ.

ಮುದುಕಿ ಸೊಸೆಯ ತಲೆ ಸವರಿದರು. “ನಾನು ಉಸಿರಾಡೋವರೆಗೂ ಇವಳು ಆ ಮನೇಲೇ ಕೊಳೀತಾಳೆ. ಇನ್ನೂ ಚಿಕ್ಕ ವಯಸ್ಸು. ನಾನು ದಾರಿ ಬಿಟ್ರೆ ಹೋಗ್ತಾಳೆ ಅನ್ಕೊಂಡೆ.”

ಶಿವರುದ್ರಮ್ಮ ಕೈಯಾರೆ ಅತ್ತೆಯ ಕೊರಳಿಗೆ ದಾರ ಕಟ್ಟಿದಳು. ಅಲ್ಲಿಂದ ನೇರ ಹೋಗಿ ಭದ್ರಮ್ಮನ ಕಾಲು ಹಿಡಿದಳು. “ನಿಮ್ಮ ಮೇಲೆ ಅನುಮಾನ ಬಂದಾಗ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.”

“ಬಾಳ ನೋವಾಯ್ತು ಕಣವ್ವ, ಸುಳ್ಳೇಳಲ್ಲ,” ಭದ್ರಮ್ಮ ಅವಳ ರಟ್ಟೆ ಹಿಡಿದೆತ್ತಿದಳು. “ನಂಗೊಂದು ಮಾತು ಏಳಿದ್ರೆ ಬಾಗ್ಲಿಗೆ ಅಡ್ಡಲಾಗಿ ನಾನೇ ಕುಂತ್ಕತಿದ್ದೆ.” ಬಳಿಕ ಕಂಠಪ್ಪನ ಕಡೆ ತಿರುಗಿದಳು. ಅವಳೇನಾದರೂ ಅನ್ನುವ ಮುಂಚೆಯೇ ಅವನು ಬಗ್ಗಿ ನೆಲದ ಮೇಲಿನ ರೊಟ್ಟಿ ಆಯತೊಡಗಿದ.

ಮೈಸೂರಿನ ಇಂಜಿನ್ ಬಂದು ಗಾಡಿ ಅಲುಗಿದಾಗ ಶಿವನಂಜಮ್ಮ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು.

“ನಾಳೆ ಹನಗೋಡಿಗೆ ಹೋಗ್ಬೇಕು,” ಎಂದರು ಸೊಸೆಗೆ. “ಗಂಡು ಎಂಥೋನು ಅಂತ ನಾನು ನೋಡ್ದೆ ನಿನ್ನ ಕಳಿಸಲ್ಲ.”

“ನೋಡೋಕೆ ನೀವಿರ್ಬೇಕಲ್ಲ, ಅತ್ತೆ.”

“ಇರ್ತೀನಿ ಕಣೆ.”

ಆದರೂ ಸೇತುವೆ ಪೂರ್ತಿ ದಾಟುವವರೆಗೆ ವೀರಭದ್ರಸ್ವಾಮಿ ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಿದ್ದ.