ಹಿಂದಕ್ಕೆ ತಿರುಗಿದ ಬಾಣ

"ರೀ... ಇಲ್ಲೊಂದು ಬಾಣ ಇರಬೇಕಿತ್ತಲ್ಲ?"

ಮಂಡಿಯೂರಿ ರಸ್ತೆ ಒರೆಸುತ್ತಿದ್ದ ಅವಳ ಎದೆ ಧಸಕ್ಕೆಂದಿತು!

ಹಿಂದಿನಿಂದ ಬಂದ ಗಂಡಸಿನ ದನಿ. ಆದರೆ ಅವಳ ಹಿಂದೆ ಯಾರೂ ಇರುವ ಹಾಗಿರಲಿಲ್ಲ. ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳುವುದೇ ಅವಳ ಕೆಲಸವಾಗಿತ್ತು!

ಮೆಲ್ಲನೆ ತಿರುಗಿ ನೋಡಿದಳು. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ. ಮೈತುಂಬ ಧೂಳು, ತಲೆಗೂದಲಲ್ಲಿ ಜೇಡರ ಬಲೆ. ಕೆಳಗೆ ಕಪ್ಪು ಬಣ್ಣದ ಭಾರದ ಹಳೇ ಸೈಕಲ್ಲು. ಅದರ ಬುಟ್ಟಿಯಲ್ಲಿ ಎರಡು ಎಲೆಕೋಸು.

'ಸದ್ಯ, ಇದೇ ಊರಿನವರು' ಎಂದುಕೊಂಡು ಉಸಿರು ಬಿಟ್ಟಳು.

"ಬಾಣ ನಮ್ಮ ಪ್ರವಾಸಿಗಳಿಗೆ. ಕೋಸು ಮಾರೋರಿಗಲ್ಲ."

"ನಾನೂ ನಿಮ್ಮ ಪ್ರವಾಸಿಯೇ. ಎಂಟನೆಯವನು."

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಜಾರಿ ಬಿತ್ತು.

ಅವಳ ದೊಡ್ಡಮ್ಮ ನಡೆಸುತ್ತಿದ್ದದ್ದು ಸೈಕಲ್ ಪ್ರವಾಸ. ನಾಲ್ಕು ದಿನ, ಎಂಟು ಜನ, ಹನ್ನೆರಡು ಹಳೆಯ ಹಳ್ಳಿಗಳು. ದೊಡ್ಡಮ್ಮ ಎಲ್ಲರಿಗಿಂತ ಮುಂದೆ ಹೋಗಿ ಪ್ರತಿ ಕವಲಿನಲ್ಲೂ ನೆಲದ ಮೇಲೆ ಸೀಮೆಸುಣ್ಣದಿಂದ ಬಾಣ ಬರೆಯುತ್ತಿದ್ದರು. ಪ್ರವಾಸಿಗಳು ಬಾಣ ನೋಡಿಕೊಂಡು ತಮ್ಮ ಪಾಡಿಗೆ ತಾವು ತುಳಿಯುತ್ತ ಹೋಗುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಬರುವ ಅವಳು ಆ ಬಾಣಗಳನ್ನು ಒರೆಸಬೇಕು. 'ಮುನ್ನೂರು ವರ್ಷದ ಕಲ್ಲು ಹಾಸು, ಗೀಚಿಟ್ಟು ಹೋಗಬೇಡಿ' ಎಂದು ಹಳ್ಳಿಗಳ ಹಿರಿಯರು ಹಾಕಿದ್ದ ಷರತ್ತು ಅದು.

ಮುಂದಿರುವವರ ಕೈಗೆ ಸೀಮೆಸುಣ್ಣ, ಹಿಂದಿರುವವಳ ಕೈಗೆ ಒದ್ದೆ ಬಟ್ಟೆ. ಅದಕ್ಕೇ ಎಲ್ಲರೂ ಅವಳನ್ನು ಪ್ರೀತಿಯಿಂದ 'ಬಾಲ' ಎನ್ನುತ್ತಿದ್ದರು. ಐದು ವರ್ಷದಿಂದ ಅವಳು ಬಾಲ!

ಆದರೆ ಈ ಸಲ ದೊಡ್ಡಮ್ಮ ಮಾತು ಕೊಟ್ಟಿದ್ದರು. "ನನ್ನ ಮಂಡಿ ಮುಷ್ಕರ ಹೂಡಿದೆ ಕಣೇ. ನಾಲ್ಕು ದಿನ ಒಬ್ಬರನ್ನೂ ಕಳೆಯದೆ ಮುಗಿಸು, ಮುಂದಿನ ವರ್ಷದಿಂದ ಸೀಮೆಸುಣ್ಣ ನಿಂದು. ಕಳೆದೆಯೋ, ನಿಮ್ಮ ದೊಡ್ಡಪ್ಪನ ತಂಗಿ ಮಗನಿಗೆ ಕೊಡ್ತೀನಿ."

ಆ ತಂಗಿ ಮಗನಿಗೆ ಎಡ ಬಲ ಗೊತ್ತಾಗಬೇಕಾದರೆ ವಾಚು ಕಟ್ಟಿದ ಕೈ ನೋಡಿಕೊಳ್ಳಬೇಕಿತ್ತು. ವಾಚು ಮರೆತ ದಿನ ಅವನು ಮನೆಯಲ್ಲೇ ಇರುತ್ತಿದ್ದ.

ಈಗ ಮೊದಲನೇ ದಿನವೇ, ಬೆಳಗ್ಗೆ ಹನ್ನೊಂದು ಗಂಟೆಗೇ, ಅವಳು ಒಬ್ಬರನ್ನು ಕಳೆದಿದ್ದಳು!

"ಆದರೆ... ನಾನು ಎಂಟು ಕೆಂಪು ಸೈಕಲ್ ಎಣಿಸಿದೆ!" ಅವಳ ದನಿ ನಡುಗಿತು. "ಎಂಟನೇದು ಚೌಕದ ಮೂಲೆ ತಿರುಗಿದ ಮೇಲೇನೇ ನಾನು ಹೊರಟಿದ್ದು!"

"ಎಂಟನೇದು ನನ್ನದೇ. ಆದ್ರೆ ಅದರ ಮೇಲೆ ನಾನಿರಲಿಲ್ಲ." ಅವನು ತಲೆ ಕೆರೆದುಕೊಂಡ. ಜೇಡರ ಬಲೆ ಬೆರಳಿಗೆ ಬಂತು. "ಗಡಿಯಾರದ ಗೋಪುರ ನೋಡ್ಬೇಕಿತ್ತು. ಬೀಗದಕೈ ಒಬ್ಬ ಅಜ್ಜಿ ಹತ್ರ ಇದೆ ಅಂದ್ರು. ಅವರು ಬೀಗದಕೈ ಕೊಟ್ಟು, ನೀನು ಇಳಿದು ಬರೋವರೆಗೂ ನಿನ್ನ ಸೈಕಲ್ ಸ್ವಲ್ಪ ನೋಡ್ತೀನಿ ಮಗ ಅಂದ್ರು. ಕಣ್ಣಲ್ಲಿ ನೋಡ್ತಾರೆ ಅಂದ್ಕೊಂಡೆ. ಇಳಿದು ಬಂದಾಗ ಅಲ್ಲಿದ್ದದ್ದು ಅವರ ಈ ಸೈಕಲ್ಲೊಂದೇ."

ಇಬ್ಬರೂ ಚೌಕಕ್ಕೆ ವಾಪಸ್ ಬಂದಾಗ ಎಪ್ಪತ್ತರ ಅಜ್ಜಿ ಕೆಂಪು ಸೈಕಲ್ಲಿನಲ್ಲಿ ಕಾರಂಜಿಯ ಸುತ್ತ ಸುತ್ತು ಹಾಕುತ್ತಿದ್ದರು. ಸ್ಕಾರ್ಫು ಬಾವುಟದ ಹಾಗೆ ಹಾರುತ್ತಿತ್ತು.

"ಇಳೀರಿ ಅಜ್ಜಿ! ಇವರಿಗೆ ಲೇಟಾಯ್ತು!"

"ತಾಳೇ ಹುಡುಗಿ, ಇನ್ನೂ ಮೂರು ಗೇರು ಬಾಕಿ ಇದೆ!"

ಮೂರು ಗೇರೂ ಮುಗಿದ ಮೇಲೆ ಅಜ್ಜಿ ಇಳಿದು, ಎಲೆಕೋಸು ಎತ್ತಿಕೊಂಡು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಜೋಡಿ ಚೆನ್ನಾಗಿದೆ. ಸೈಕಲ್ ಇನ್ನೂ ಚೆನ್ನಾಗಿದೆ."

ಅವಳ ಮುಖ ಸೈಕಲ್ಲಿನ ಬಣ್ಣಕ್ಕೆ ತಿರುಗಿತು.

ಅವಳು ಒರೆಸಿದ ಬಾಣಗಳೆಲ್ಲ ಅಳಿಸಿದ್ದವು. ಮುಂದಿನವು ಅವಳಿಗೆ ಒರೆಸುವುದಕ್ಕಷ್ಟೇ, ದಾರಿಗೆ ಬಾಣ ಬೇಕಿರಲಿಲ್ಲ. ಒಡೆದ ಕಲ್ಲಿನ ತೊಟ್ಟಿ ಇದ್ದಲ್ಲಿ ಎಡಕ್ಕೆ, ನೀಲಿ ಬಾಗಿಲಿನ ಮನೆ ದಾಟಿದರೆ ಬಲಕ್ಕೆ, ಮೂರು ಕಮಾನಿನ ಸೇತುವೆ ಬಂದರೆ ನೇರ... ಅವನು ಬೆರಗಾಗಿ ಹಿಂಬಾಲಿಸಿದ.

"ಎಲ್ಲಾ ಬಾಯಿಪಾಠನಾ?"

"ಐದು ವರ್ಷ ಒರೆಸಿದೀನಿ. ಒರೆಸಿದವರಿಗೇ ಹೆಚ್ಚು ನೆನಪಿರೋದು." ಆಮೇಲೆ ಮೆಲ್ಲಗೆ ಕೇಳಿದಳು. "ಇದನ್ನ... ದೊಡ್ಡಮ್ಮನಿಗೆ ಹೇಳ್ತೀರಾ?"

ಅವನು ಹೇಳಲಿಲ್ಲ. ಸಂಜೆ ದೊಡ್ಡಮ್ಮ "ಯಾಕಿಷ್ಟು ತಡ?" ಎಂದಾಗ, "ಪಂಕ್ಚರ್" ಎಂದ, ಒಳ್ಳೆ ಮಗುವಿನ ಮುಖ ಮಾಡಿಕೊಂಡು. ಆಮೇಲೆ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡ.

ಅವಳಿಗೆ ಆ ನೋಟ್‌ಬುಕ್ಕೇ ಭಯ ಹುಟ್ಟಿಸಿತು. 'ಏನು ಬರೆದರು? ದೂರಾ? ಇವತ್ತು ಮುಚ್ಚಿಟ್ಟು, ಕೊನೇ ದಿನ ಎಲ್ಲ ಒಟ್ಟಿಗೆ ಕೊಡ್ತಾರಾ?'

ಎರಡನೇ ದಿನ ಎಲ್ಲರಿಗಿಂತ ಹಿಂದೆ ಅವನೇ. ಅಂದರೆ ಅವಳ ಮುಂದೆ, ಹತ್ತಡಿ ದೂರದಲ್ಲಿ. ಹಳೆಯ ಗಡಿಯಾರ ಕಂಡಲ್ಲೆಲ್ಲ ನಿಲ್ಲುವುದು, ಕಿವಿಗೊಡುವುದು, ಬರೆದುಕೊಳ್ಳುವುದು. ಅವನ ಕೆಲಸವೇ ಅದಂತೆ, ಗೋಪುರಗಳ ಗಡಿಯಾರ ರಿಪೇರಿ.

"ಗಡಿಯಾರ ರಿಪೇರಿ ಮಾಡೋರು ಇಷ್ಟು ಲೇಟಾ?" ತಾಳಲಾರದೆ ಕೇಳಿದಳು.

"ನಾನು ಓಡಾಡೋದೆಲ್ಲ ನಿಂತುಹೋದ ಗಡಿಯಾರಗಳ ಜೊತೆ. ಸಹವಾಸ ದೋಷ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಕೈಗಡಿಯಾರ ನೋಡಿಕೊಂಡು, ನೋಟ್‌ಬುಕ್ ತೆಗೆದ.

'ನಕ್ಕಿದ್ದನ್ನೂ ಬರ್ಕೊಂಡ್ರಾ?! ಕೆಲಸದ ಹೊತ್ತಲ್ಲಿ ನಗ್ತಾಳೆ ಅಂತಲಾ?' ನಗು ಅಲ್ಲೇ ಒಣಗಿತು.

ಆದರೂ... ಮೂರನೇ ದಿನದ ಹೊತ್ತಿಗೆ ಆ ಹತ್ತು ಅಡಿ ಐದಾಗಿತ್ತು. ಆಮೇಲೆ ಇಬ್ಬರೂ ಪಕ್ಕಪಕ್ಕದಲ್ಲೇ ತುಳಿಯುತ್ತಿದ್ದರು. ಇಕ್ಕೆಲದಲ್ಲಿ ಹುಲ್ಲುಗಾವಲು, ದೂರದಲ್ಲಿ ಹೆಂಚಿನ ಸೂರುಗಳು, ಬಿಸಿಲಲ್ಲಿ ಮಲಗಿದ ನಾಯಿಗಳು. ಸೈಕಲ್ ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕವಲು ಬಂದಾಗ ಅವಳು ಇಳಿದು ಒರೆಸುವಳು. ಅವನು ನೀರಿನ ಬಾಟಲಿ ಹಿಡಿದು ಬಟ್ಟೆ ಒದ್ದೆ ಮಾಡಿಕೊಡುವನು. ಐದು ವರ್ಷದಲ್ಲಿ ಯಾರೂ ಅವಳಿಗಾಗಿ ಬಟ್ಟೆ ಒದ್ದೆ ಮಾಡಿಕೊಟ್ಟಿರಲಿಲ್ಲ.

'ಇಷ್ಟಕ್ಕೇ ಕರಗ್ತೀಯಾ? ನೀರು ಹಾಕಿದ್ದಾರೆ ಅಷ್ಟೇ' ಎಂದು ತನಗೆ ತಾನೇ ಗದರಿಕೊಂಡಳು. ಮನಸ್ಸು ಕೇಳಿದರೆ ತಾನೇ?

ಆ ಸಂಜೆಯೇ ಎಲ್ಲ ಕೆಟ್ಟಿತು.

ತಂಗುದಾಣದ ಅಂಗಳದಲ್ಲಿ ಅವಳು ಸೈಕಲ್ಲುಗಳ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಒಳಗೆ ಅಡುಗೆಮನೆಯ ಕಿಟಕಿಯ ಬಳಿ ದೊಡ್ಡಮ್ಮ ಮತ್ತು ಅವನು. ಅವನ ಕೈಯಲ್ಲಿ ಅದೇ ನೋಟ್‌ಬುಕ್ಕು!

"ಮೊದಲನೇ ದಿನ, ಹೌದು, ಬಾಣ ಅಳಿಸಿಹೋಗಿತ್ತು. ನಾನು ಹಿಂದೆ ಉಳಿದಿದ್ದೆ..."

ಮುಂದಿನ ಮಾತು ಅವಳಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ. ಎಣ್ಣೆ ಕುಡಿಕೆ ಬಿಸಾಕಿ ರೂಮಿಗೆ ಓಡಿದ್ದಳು.

'ಹೇಳಿಬಿಟ್ರು... ಪಂಕ್ಚರ್ ಅಂದವರು ಹೇಳಿಯೇಬಿಟ್ರು! ಬಟ್ಟೆಗೆ ನೀರು ಹಾಕಿದ್ದೂ ನಾಟಕ!'

ಅವಳ ಕಣ್ಣೀರಿಗೆ ದಿಂಬು ತೊಯ್ದಿತು. ಸೀಮೆಸುಣ್ಣ ಹೋಯಿತೆಂದೋ, ಅವನು ಹೀಗೆ ಮಾಡಿದನೆಂದೋ, ಅವಳಿಗೇ ತಿಳಿಯಲಿಲ್ಲ.

ಬೆಳಗ್ಗೆ ದೊಡ್ಡಮ್ಮ ಅವಳ ಅಂಗೈ ಮೇಲೆ ಏನೋ ಇಟ್ಟರು. ಹೊಚ್ಚ ಹೊಸ ಸೀಮೆಸುಣ್ಣ!

"ಇವತ್ತು ನೀನು ಮುಂದೆ. ನಾನು ಬಾಲ. ಎರಡು ನಿಯಮ ನೆನಪಿದೆಯಲ್ಲ?"

"ದಾರಿ ತಪ್ಪಿದವರು ಕೊನೇ ಬಾಣದ ಹತ್ರ ಕೂತು ಕಾಯಬೇಕು. ಬಾಣ ತಪ್ಪಾದ್ರೆ, ಬರೆದವರೇ ವಾಪಸ್ ಹೋಗಿ ತಿದ್ದಬೇಕು."

"ಹೂಂ. ಹೊರಡು."

ಯಾಕೆ, ಏನು ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಪಾಪ ಎಂದು ಒಂದು ದಿನದ ಮಟ್ಟಿಗೆ ಕೊಟ್ಟಿರಬೇಕು. ಅಂಗಳದಲ್ಲಿ ಅವನು ನಗುತ್ತ ಕೈ ಎತ್ತಿದ. ಅವಳು ಗೋಡೆ ನೋಡುತ್ತ ಸೈಕಲ್ ಹತ್ತಿದಳು. ಅವನ ಕೈ ಗಾಳಿಯಲ್ಲೇ ಉಳಿಯಿತು.

ಐದು ವರ್ಷ ಕನಸಿದ ದಿನ! ಮುಂದೆ ಬರಿದಾದ ದಾರಿ, ಮುಖಕ್ಕೆ ಗಾಳಿ, ಮೊದಲನೇ ಬಾಣ, ಎರಡನೇ ಬಾಣ... ಆದರೆ ಯಾಕೋ ಕುತ್ತಿಗೆ ಮಾತು ಕೇಳುತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಹಿಂದಕ್ಕೇ ತಿರುಗುತ್ತಿತ್ತು.

ಹಳೆಯ ಗಿರಣಿಯ ಕವಲಿನಲ್ಲಿ ಇಳಿದು ಕುಳಿತಳು. ಉದ್ದನೆಯ ಇಳಿಜಾರಿನಲ್ಲಿ ಕೆಂಪು ಚುಕ್ಕಿಗಳು ಬರುತ್ತಿದ್ದವು. ಏಳು ಒಟ್ಟಿಗೆ. ಬಹಳ ಹಿಂದೆ, ಓಲಾಡುತ್ತ, ಎಂಟನೆಯದು.

'ಇವತ್ತು ಅವರ ಪಕ್ಕದಲ್ಲಿ ಯಾರಿದ್ದಾರೆ? ಬಟ್ಟೆಗೆ ನೀರು ಯಾರಿಗೆ ಹಾಕ್ತಾರೆ?' ಎಂದು ನೋಡುತ್ತಲೇ ಬಾಣ ಎಳೆದಳು. ಏಳು ಜನ ಹತ್ತಿರವಾದರು. ಗಡಿಬಿಡಿಯಲ್ಲಿ ಕಣ್ಣೊರೆಸಿಕೊಂಡು ಸೈಕಲ್ ಹತ್ತಿದಳು.

ಮಧ್ಯಾಹ್ನ ಕೊನೆಯ ಊರಿನ ಚೌಕದಲ್ಲಿ ಎಣಿಸಿದಳು. ಈ ಸಲ ಸೈಕಲ್ಲಲ್ಲ, ಮನುಷ್ಯರನ್ನು. ಏಳು. ಇನ್ನೊಮ್ಮೆ ಎಣಿಸಿದಳು. ಏಳೇ!

ಅರ್ಧ ಗಂಟೆಯ ಮೇಲೆ ದೊಡ್ಡಮ್ಮ ಬಂದರು. ಒಬ್ಬರೇ.

"ದೊಡ್ಡಮ್ಮಾ! ಅವರೆಲ್ಲಿ?"

"ಯಾರು ಅವರು?" ದೊಡ್ಡಮ್ಮ ನಿಧಾನವಾಗಿ ಕೈಗವಸು ಬಿಚ್ಚಿದರು. "ಒಂದು ಬಾಣ ನಾನು ಅಳಿಸಿಲ್ಲ ಕಣೇ. ಗಿರಣಿ ಹತ್ರದ್ದು. ಅದು ಹಿಂದಕ್ಕೆ ತೋರಿಸ್ತಿದೆ!"

"ಹಿಂದಕ್ಕಾ?!"

"ಏಳು ಜನ ನಿನ್ನ ಬೆನ್ನು ನೋಡ್ಕೊಂಡು ಬಂದ್ರು, ನೆಲ ನೋಡಲೇ ಇಲ್ಲ. ಎಂಟನೆಯವರು ನೆಲ ನೋಡಿದ್ರು. ಬಾಣ ಹಿಂದಕ್ಕೆ ಹೇಳ್ತಿದೆ ಅಂತ ತಿರುಗಿ ನನ್ನೆದುರಿಗೇ ತುಳ್ಕೊಂಡು ಬರ್ತಿದ್ರು! ಕರ್ಕೊಂಡು ಹೋಗಿ ಅಲ್ಲೇ ಕೂರಿಸಿ ಬಂದಿದೀನಿ."

"ಹಾಗಾದ್ರೆ ಸೀಮೆಸುಣ್ಣ... ಮೊದಲನೇ ದಿನವೂ ನಾನು..."

"ಗೊತ್ತು. ಬೀಗದಜ್ಜಿ ಅವತ್ತೇ ಫೋನ್ ಮಾಡಿದ್ಲು, ಆ ಕೆಂಪು ಸೈಕಲ್ ಎಲ್ಲಿ ಸಿಗುತ್ತೆ ಅಂತ! ನಿನ್ನೆ ನಾನೇ ಅವರನ್ನ ಹಿಡಿದು ಕೇಳಿದೆ. ತಪ್ಪು ನಂದು, ಅವಳು ಒಂದೂ ಬಾಣ ನೋಡದೆ ಇಡೀ ದಾರಿ ಕರ್ಕೊಂಡು ಬಂದ್ಲು, ಅವಳನ್ನ ಹಿಂದೆ ಯಾಕೆ ಇಟ್ಟಿದೀರಿ ಅಂತ ನನಗೇ ಜೋರು ಮಾಡಿದ್ರು!"

ಅವಳು ಸೈಕಲ್ ತಿರುಗಿಸಿದಳು.

"ನೋಡು, ಕತ್ತಲಾಗೋ ಮುಂಚೆ ಎಂಟು ಜನ ಇದ್ರೆ ಸೀಮೆಸುಣ್ಣ ನಿಂದು. ಏಳಾದ್ರೆ... ತಂಗಿ ಮಗನಿಗೆ ವಾಚು ಕಟ್ಕೋ ಅಂತ ಹೇಳಬೇಕಾಗುತ್ತೆ."

ಅವಳು ಆಗಲೇ ಅರ್ಧ ಬೀದಿ ದಾಟಿದ್ದಳು.

ಗಿರಣಿಯ ಕವಲಿನಲ್ಲಿ ಅವನು ಮೈಲಿಗಲ್ಲಿನ ಮೇಲೆ ಕುಳಿತು ಬ್ರೆಡ್ಡು ತಿನ್ನುತ್ತಿದ್ದ. ಅವಳ ಮುಖ ಕೆಂಪಾಗಿತ್ತು, ಉಸಿರು ಸಿಗುತ್ತಿರಲಿಲ್ಲ.

"ಬನ್ನಿ... ಹೋಗೋಣ... ಎಂಟು ಆಗ್ಬೇಕು!"

"ಬರಲ್ಲ."

"ಏನು?!"

"ಮೊದಲು ಹೇಳಿ. ಬೆಳಗ್ಗೆ ಮುಖ ತಿರುಗಿಸಿದ್ರಿ. ಆಮೇಲೆ ಈ ಬಾಣ. ವಾಪಸ್ ಹೋಗು, ನನ್ನ ಹಿಂದೆ ಬರಬೇಡ ಅಂತ ಹೇಳ್ತಿದೀರಿ ಅಂದ್ಕೊಂಡೆ. ಅದಕ್ಕೇ ಸೈಕಲ್ ತಿರುಗಿಸಿದೆ."

ಎಂದಿನ ನಗು ಅವನ ಮುಖದಲ್ಲಿ ಇರಲಿಲ್ಲ.

"ಅಯ್ಯೋ! ಅದು ತಪ್ಪಾಗಿ... ಬಾಣ ತಪ್ಪು ಅಂತ ಗೊತ್ತಾಗಲಿಲ್ವಾ?"

"ನಿಮಗೆ ಈ ದಾರಿ ಕಲ್ಲುಕಲ್ಲೂ ಗೊತ್ತು. ನಿಮ್ಮ ಬಾಣ ತಪ್ಪು ಅಂತ ಹೇಗೆ ಅಂದ್ಕೊಳ್ಳಲಿ?"

"ನೀವು ದೂರು ಬರ್ಕೊಂಡಿದೀರಿ ಅಂತ ನಾನು... ಆ ನೋಟ್‌ಬುಕ್..."

ಅವನು ನೋಟ್‌ಬುಕ್ ಅವಳ ಕೈಗಿಟ್ಟ. ಎಡಗಡೆ ಗಡಿಯಾರಗಳು: ಯಾವುದು ನಿಂತಿದೆ, ಯಾವುದರ ಹಲ್ಲು ಸವೆದಿದೆ. ಬಲಗಡೆ ಬೇರೆಯೇ ಇತ್ತು.

'ಹನ್ನೊಂದು ಇಪ್ಪತ್ತು, ಕಾರಂಜಿ ಹತ್ತಿರ ಕೆಂಪಾದರು. ಮೂರು ಹತ್ತು, ಸೇತುವೆ, ನಕ್ಕರು. ಮೂರು ಹನ್ನೊಂದು, ನಗು ನಿಂತಿತು, ಕಾರಣ ತಿಳಿಯಲಿಲ್ಲ. ನಾಲ್ಕೂವರೆ, ಬೈದರು. ನಾಲ್ಕು ಮುಕ್ಕಾಲು, ಮತ್ತೆ ನಕ್ಕರು. ಸರಿಯಾಗಿ ಓಡುತ್ತಿದೆ.'

ಅವಳು ಓದಿದಳು. ನಕ್ಕಳು. ಅತ್ತಳು. ಎರಡೂ ಒಟ್ಟಿಗೇ ಬಂದವು.

"ಈಗ ಹೇಳಿ," ಅವನು ಮೆಲ್ಲಗೆ ಕೇಳಿದ. "ಈ ಬಾಣ ಹೇಗೆ ಹಿಂದಕ್ಕೆ ತಿರುಗಿತು?"

ಅವಳು ನೆಲ ನೋಡಿದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ನಾನು ನೋಡ್ತಿದ್ದ ಕಡೆ ಕೈ ಹೋಯ್ತು."

"ಎಲ್ಲಿ ನೋಡ್ತಿದ್ರಿ?"

"...ನೀವು ಬರ್ತಿದ್ದ ಕಡೆ."

ಗಡಿಯಾರ ರಿಪೇರಿಯವನು ಕೈಗಡಿಯಾರ ನೋಡುವುದನ್ನೂ ಮರೆತ!

ಆಮೇಲೆ ಬಾಟಲಿ ಬಿಚ್ಚಿ, ತನ್ನ ಕರವಸ್ತ್ರಕ್ಕೆ ನೀರು ಹಾಕಿಕೊಂಡ.

"ಮುಂದಿನ ವರ್ಷ ನೀವು ಮುಂದೆ ಹೋದ್ರೆ, ಬಾಲದ ಕೆಲಸ ಖಾಲಿ ಇರುತ್ತಲ್ಲ?"

"ನೀವಾ? ಗಡಿಯಾರ ಕಂಡಲ್ಲೆಲ್ಲ ನಿಲ್ತೀರಿ!"

"ನಿಲ್ತೀನಿ. ಆದ್ರೆ ಬಾಣ ನಿಮ್ದಾದ್ರೆ, ಕೊನೆಗೆ ಬಂದೇ ಬರ್ತೀನಿ."

ಅವಳು ಮಂಡಿಯೂರಿ, ಮುಂದಿನ ದಾರಿಗೆ ಹೊಸ ಬಾಣ ಬರೆದಳು. ನೇರವಾಗಿ, ನಿಧಾನವಾಗಿ, ಈ ಸಲ ನೆಲ ನೋಡಿಕೊಂಡೇ. ಅವನು ಒದ್ದೆ ಕರವಸ್ತ್ರದಿಂದ ಅದನ್ನು ಒರೆಸಿದ. ಹೊಸ ಕೆಲಸ ಅಲ್ಲವೇ, ಬಹಳ ಶ್ರದ್ಧೆಯಿಂದ ಒರೆಸಿದ.

ಆಮೇಲೆ ಹಿಂದಕ್ಕೆ ತಿರುಗಿದ ಬಾಣದ ಹತ್ತಿರ ಬಂದು ಮಂಡಿಯೂರಿದ.

"ಇದನ್ನ?"

ಅವಳು ಅವನ ಕೈ ಹಿಡಿದು ಎಬ್ಬಿಸಿದಳು.

"ಅದಿರಲಿ. ಮಳೆ ಬಂದಾಗ ಅಳಿಸುತ್ತೆ."