ಕೊಕ್ಕೆ ಬಿಚ್ಚಿದ ಕೈ

ಮೂರು ಜನ, ಒಂದು ದೋಣಿ, ಒಂದು ಕ್ಯಾಮೆರಾ, ಐದು ದಿನ. ನದಿ ಕಮರಿಗೆ ಧುಮುಕುವ ಜಾಗದಲ್ಲಿ ದೋಣಿಯೂ ಧುಮುಕಬೇಕು. ಅದು ಮೇಲಿನಿಂದ ಕೆಳಗಿನ ತನಕ ಎಲ್ಲೂ ಕಡಿಯದೆ ಒಂದೇ ಓಟದಲ್ಲಿ ಚಿತ್ರವಾಗಬೇಕು. ಮಳೆಗಾಲ ಮುಗಿದು ನೀರು ಇಳಿಯುವ ಆ ಒಂದು ವಾರ ಬಿಟ್ಟರೆ ವರ್ಷವಿಡೀ ಆ ನದಿ ಮನುಷ್ಯರನ್ನು ಹತ್ತಿರ ಸೇರಿಸುವುದಿಲ್ಲ. ಹಗ್ಗದ ಮಾಮ ತನ್ನ ಕೋಣೆಯ ನೆಲದ ಮೇಲೆ ನಕಾಶೆ ಹರಡಿ ಇಷ್ಟನ್ನು ಹೇಳಿ, ತೊಳೆದು ಒಣಹಾಕಿದ್ದ ಹಗ್ಗಗಳನ್ನು ಸುತ್ತತೊಡಗಿದ.

ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ದೋಣಿ ನಡೆಸುವವಳು ಕಿಟಕಿಯಲ್ಲಿ ಕೂತು ಹುಟ್ಟಿಗೆ ಟೇಪು ಸುತ್ತುತ್ತಿದ್ದಳು. ನೀರಿಗೆ ಬಿದ್ದು ಎದ್ದು ಬರುವುದೇ ಕಸುಬಾದ್ದರಿಂದ ಅವಳಿಗೆ ಮಿಂಚುಳ್ಳಿ ಎಂದೇ ಹೆಸರು. ಮೂರನೆಯವಳು ತಂಗಿ. ಆ ಕೋಣೆಗೆ ಬರುವವರಿಗೆಲ್ಲ ಅವಳು ತಂಗಿಯೇ, ಏಕೆಂದರೆ ಈ ಕ್ಯಾಮೆರಾ ಕೆಲಸ ಮೊದಲು ಅವಳ ಅಣ್ಣನದಾಗಿತ್ತು.

ಎರಡು ವರ್ಷದ ಹಿಂದೆ ಅಣ್ಣ ಇದೇ ಚಿತ್ರ ತೆಗೆಯಲು ಹೋಗಿ, ಅದೇ ಕಮರಿಯ ಬಂಡೆಯಂಚಿನಿಂದ ಬಿದ್ದು ಸತ್ತ. ಹಗ್ಗ ಕಾಯುತ್ತಿದ್ದವನು ಮಾಮ. ಹಗ್ಗವನ್ನು ಸೊಂಟಪಟ್ಟಿಗೆ ಸೇರಿಸುವ ಕೊಕ್ಕೆಯನ್ನು ಅವನೇ ಬಿಚ್ಚಿಕೊಂಡ ಎಂದು ಮಾಮ ಅಂದು ಹೇಳಿದ, ಇಂದಿಗೂ ಅದನ್ನೇ ಹೇಳುತ್ತಾನೆ. ಬಟ್ಟೆ ಹೊಲಿಯುವ ಅಮ್ಮ ನಂಬಲಿಲ್ಲ. "ಎರಡು ಕೈಯಲ್ಲೂ ಕ್ಯಾಮೆರಾ ಹಿಡಿದಿದ್ದ ಮಗನಿಗೆ ಕೊಕ್ಕೆ ಬಿಚ್ಚೋಕೆ ಮೂರನೇ ಕೈ ಎಲ್ಲಿಂದ ಬಂತು?" ಎಂದು ಕೇಳಿ, ಹದಿನೈದು ವರ್ಷ ತಮ್ಮನ ಹಾಗೆ ಮನೆಯಲ್ಲಿ ಉಂಡವನ ಮುಖದ ಮೇಲೆ ಬಾಗಿಲು ಹಾಕಿದಳು. ತಾನು ಕೊಕ್ಕೆ ಸರಿಯಾಗಿ ಹಾಕದೆ ತಪ್ಪನ್ನು ಸತ್ತವನ ತಲೆಗೆ ಕಟ್ಟುತ್ತಿದ್ದಾನೆ ಎಂಬುದು ಅವಳ ತೀರ್ಮಾನ. ಅಣ್ಣನ ಕ್ಯಾಮೆರಾವನ್ನಾದರೂ ಕೇಳೋಣವೆಂದರೆ ಅದನ್ನು ನದಿ ನುಂಗಿತ್ತು. ಯಾರ ಮಾತು ನಿಜ ಎಂದು ತಿಳಿಯದೆ ತಂಗಿಗೆ ನೆಮ್ಮದಿಯಿರಲಿಲ್ಲ. ತಿಳಿಯಬೇಕಾದರೆ ಅದೇ ಬಂಡೆಗೆ, ಅದೇ ಮನುಷ್ಯನ ಹಗ್ಗದಲ್ಲಿ ಇಳಿಯಬೇಕು. ಅದಕ್ಕೇ ಅವಳು ಈ ವಿದ್ಯೆ ಕಲಿತದ್ದು.

ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವುದು ಬೇರೆ, ಓಡುವ ಜೀವದ ಹಿಂದೆ ವಿಡಿಯೊ ಕ್ಯಾಮೆರಾ ಹಿಡಿಯುವುದು ಬೇರೆ. ಪಾಸ್‌ಪೋರ್ಟಿನವರು ಉಸಿರು ಬಿಗಿಹಿಡಿದು ಕೂರುತ್ತಾರೆ, ನದಿ ಕೂರುತ್ತದೆಯೇ? ಎಂಟು ತಿಂಗಳು ಅವಳು ಬೀದಿನಾಯಿ, ಸೈಕಲ್ ಸವಾರ, ಬಸ್ಸಿನ ಹಿಂದೆ ಓಡುವ ಗುಮಾಸ್ತ ಎಲ್ಲರನ್ನೂ ಬೆನ್ನಟ್ಟಿದಳು. ಗುಮಾಸ್ತ ಮೂರನೇ ದಿನ ನಿಂತು, ತನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಬೇಕೆಂದು ಕೈಮುಗಿದ. ಗುರು ಮಾಮನೇ, ಅಣ್ಣನ ಹಿಂದೆ ನಿಂತು ನಿಂತು ಅವನಿಗೂ ಅರ್ಧ ವಿದ್ಯೆ ಹತ್ತಿತ್ತು. ಜೂಮ್ ಎಳೆಯಬೇಡ, ಕಾಲಲ್ಲಿ ನಡೆದು ಹತ್ತಿರ ಹೋಗು. ಮೊಣಕಾಲು ಸಡಿಲ ಬಿಡು, ಚಿತ್ರ ಕುಲುಕುವುದಿಲ್ಲ. ಓಡುವವನ ಮುಂದೆ ಜಾಗ ಬಿಡು, ಇಲ್ಲದಿದ್ದರೆ ಗೋಡೆಗೆ ಡಿಕ್ಕಿ ಹೊಡೆಯುವವನಂತೆ ಕಾಣುತ್ತಾನೆ. ಬಟನ್ ಒತ್ತಿ, ನಿನ್ನಣ್ಣ ಎಣಿಸುತ್ತಿದ್ದ ಹಾಗೆ ಐದು ಎಣಿಸು, ಆಮೇಲೆ ಉಳಿದದ್ದು. ಹೇಳಿಕೊಡುವಾಗ ಮಾಮ ಅವಳ ಕಣ್ಣು ತಪ್ಪಿಸುತ್ತಿದ್ದ. ಅದು ದುಃಖವೋ ಕಳ್ಳಮನಸ್ಸೋ ಅವಳಿಗೆ ಬಗೆಹರಿಯಲಿಲ್ಲ.

ಮೊದಲ ಎರಡು ದಿನ ಬರೀ ನಡಿಗೆ. ದೋಣಿಯನ್ನು ಸರದಿಯಂತೆ ತಲೆಯ ಮೇಲೆ ಹೊತ್ತು, ಬಿದ್ದ ಮರಗಳಡಿ ನುಸುಳಿ, ತೊರೆ ದಾಟಿ ಸಾಗಿದರು. ಕಾಡು ಎಷ್ಟು ಒತ್ತಾಗಿತ್ತೆಂದರೆ ನಡುಮಧ್ಯಾಹ್ನವೂ ಮುಸ್ಸಂಜೆಯ ಬೆಳಕು. ಬಂಡೆಗಳಿಗೆಲ್ಲ ಪಾಚಿ, ಪಾಚಿಗೆಲ್ಲ ನೀರು, ಕಾಲಿಟ್ಟಲ್ಲೆಲ್ಲ ಪಚಪಚ ಸದ್ದು. ನದಿ ಕಾಣುವ ಎಷ್ಟೋ ಮೊದಲೇ ಅದರ ಮೊರೆತ ನೆಲದಿಂದ ಅಂಗಾಲಿಗೆ ಹತ್ತತೊಡಗಿತು. ಆ ಮೊರೆತದೊಳಗೆ ಯಾರೋ ಎಣಿಸುತ್ತಿರುವಂತೆ ತಂಗಿಗೆ ಕೇಳುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಐದು ಮಾತ್ರ ಬರುತ್ತಲೇ ಇರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಆದರೆ ಮುಂದೆ ನಡೆಯುತ್ತಿದ್ದ ಮಾಮನೂ ಒಮ್ಮೊಮ್ಮೆ ಗಕ್ಕನೆ ನಿಂತು ಕಿವಿಗೊಡುವುದನ್ನು ಕಂಡಾಗ ಅವಳ ಮೈ ತಣ್ಣಗಾಯಿತು.

ಮೂರನೇ ಬೆಳಿಗ್ಗೆ ಬಂಡೆಯ ನೆತ್ತಿ ಮುಟ್ಟಿದರು. ಮಿಂಚುಳ್ಳಿ ದೋಣಿ ಹೊತ್ತು ನದಿಯ ಮೇಲ್ಗಡೆಗೆ ಹೋದಳು. ಮಾಮ ಹಗ್ಗವನ್ನು ಒಂದು ಮರಕ್ಕೆ ಬಿಗಿದು, ಸಾಲದೆಂದು ಇನ್ನೊಂದಕ್ಕೂ ಬಿಗಿದು, ತಂಗಿಯನ್ನು ಜಗಲಿಯಷ್ಟು ಅಗಲದ ಕಲ್ಲಂಚಿಗೆ ಇಳಿಸಿದ. ತಾನೂ ಇಳಿದು ಅವಳ ಬೆನ್ನ ಹಿಂದೆ ಕೈಯಳತೆಯಲ್ಲಿ ಕೂತ. ಅಣ್ಣನ ಸಲ ಅವನು ಮೇಲೆ, ಮರದ ಬುಡದಲ್ಲಿ ಕೂತಿದ್ದನಂತೆ.

"ಕೊಕ್ಕೆ?" ಎಂದ ಮಾಮ. ಇಳಿದವರನ್ನು ಹೀಗೆ ಕೇಳದೆ ಅವನು ಹಗ್ಗ ಸಡಿಲಿಸುವವನಲ್ಲ.

"ಹಾಕಿದೆ."

ಎದುರು ಬಂಡೆಯಿಂದ ಆ ಮಾತು ತಿರುಗಿ ಬಂತು, ತಡವಾಗಿ, ದಪ್ಪಗಾಗಿ. ಗಂಡಸಿನ ದನಿಯಂತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಾಯುವುದು ಶುರುವಾಯಿತು. ಕೆಳಗೆ ನೀರು ನೊರೆಯಾಗಿ ಕುದಿಯುತ್ತಿತ್ತು. ದೋಣಿ ಧುಮುಕಿದ ಮೇಲೆ ಒಂದು ಉಬ್ಬುಬಂಡೆಯ ಹಿಂದೆ ಮರೆಯಾಗುತ್ತದೆಂದು ತಂಗಿಗೆ ಕಂಡಿತು. ಒಂದು ಹೆಜ್ಜೆ ಮುಂದೆ ನಿಂತರೆ ಆ ಮರೆಯೂ ಇಲ್ಲ, ಆದರೆ ಹಗ್ಗ ಅಷ್ಟು ಮುಂದೆ ಬಿಡದು. ಒಂದೇ ಹೆಜ್ಜೆ.

ಮೇಲಿನಿಂದ ಸೀಟಿ ಕೇಳಿತು.

ಅವಳು ಬಟನ್ ಒತ್ತಿದಳು. ದೋಣಿ ಅಂಚಿಗೆ ಬಂತು, ಮೂತಿ ಕೆಳಗಾಯಿತು, ಬಿತ್ತು. ಅವಳು ಅದರ ಜೊತೆಗೇ ಕ್ಯಾಮೆರಾ ತಿರುಗಿಸಿದಳು. ನೊರೆ. ಹುಟ್ಟಿನ ತುದಿ. ಹಳದಿ ಹೆಲ್ಮೆಟ್. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಮುಂದೆ.

ಸೊಂಟ ಹಿಂದಕ್ಕೆ ಜಗ್ಗಿತು. ಅವಳು ಬೆನ್ನಡಿಯಾಗಿ ಬಿದ್ದಳು.

ಕೆಡಿಸಿಬಿಟ್ಟೆಯಲ್ಲ ಎಂದು ರೇಗಿ ತಿರುಗಿದರೆ, ಮಾಮ ಎರಡೂ ಕೈಯಲ್ಲಿ ಅವಳ ಸೊಂಟಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಹಗ್ಗದ ತುದಿಯ ಕೊಕ್ಕೆ ಬಾಯಿ ತೆರೆದುಕೊಂಡು ಪಕ್ಕದಲ್ಲಿ ತೂಗುತ್ತಿತ್ತು.

"ನಾನು ಮುಟ್ಟೇ ಇಲ್ಲ" ಎಂದಳು ತಂಗಿ.

ಮುಟ್ಟಿರಲಿಲ್ಲ, ಅವಳಿಗೆ ಚೆನ್ನಾಗಿ ಗೊತ್ತು. ಅಂದ ಮೇಲೆ ಬಿಚ್ಚಿದವರು ಯಾರು? ಅವಳ ಹಿಂದೆ ಇದ್ದವನು ಒಬ್ಬನೇ. ಅಮ್ಮ ಅವನನ್ನು ನಂಬದಿದ್ದದ್ದೇ ಸರಿ ಎನಿಸಿತು. ಅವನ ಕೈ ಕೊಡವಿ, ಕೊಕ್ಕೆಯನ್ನು ತಾನೇ ಹಾಕಿಕೊಂಡು, ಅವನಿಗೆ ಬೆನ್ನು ತೋರಿಸದೆ ಬಂಡೆ ಹತ್ತಿದಳು.

ಮೇಲೆ ಬಂದು ಕೂತು ಗಂಟೆಯಾದ ಮೇಲೆ ಮಿಂಚುಳ್ಳಿ ತೊಪ್ಪೆಯಾಗಿ ಬಂದಳು. ಮೂವರೂ ಪುಟ್ಟ ಪರದೆಗೆ ತಲೆ ಹಚ್ಚಿದರು. ದೋಣಿ ಇರಲೇ ಇಲ್ಲ. ಇಳಿಯುವಾಗಲೇ ಒದ್ದೆ ಕೈಗವಸು ತಾಗಿ ಬಟನ್ ಒತ್ತಿಹೋಗಿತ್ತು. ಶುರುಮಾಡುತ್ತೇನೆಂದು ಅವಳು ಒತ್ತಿದಾಗ ಅದು ನಿಂತುಬಿಟ್ಟಿತ್ತು. ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ಕಾಯುವಷ್ಟು ಹೊತ್ತೂ ಅವಳ ಬೂಟು, ಪಾಚಿ, ಸೊಂಟಪಟ್ಟಿಯನ್ನೇ ಚಿತ್ರಿಸಿತ್ತು. ಈ ಕಸುಬಿನವರೆಲ್ಲ ಒಮ್ಮೆಯಾದರೂ ಮಾಡುವ ಎಡವಟ್ಟು.

"ನಾನು ಪ್ರಾಣ ಪಣಕ್ಕಿಟ್ಟು ಹಾರಿದ್ದು ನಿನ್ನ ಬೂಟಿಗೋಸ್ಕರ" ಎಂದು ಮಿಂಚುಳ್ಳಿ ಹೆಲ್ಮೆಟ್ ಬಿಚ್ಚಿ ನೀರು ಸುರಿದಳು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಕೈ ಬಂತು. ಅವಸರವಿಲ್ಲದೆ ಬಂತು. ಹೆಬ್ಬೆರಳು ಕೊಕ್ಕೆಯ ತಿರುಪು ತಿರುವಿತು, ಬಾಯಿ ತೆರೆಯಿತು, ಪಟ್ಟಿಯಿಂದ ಕಳಚಿ ಪಕ್ಕಕ್ಕೆ ಬಿಟ್ಟಿತು. ಬೂಟುಗಳು ಒಂದು ಹೆಜ್ಜೆ ಮುಂದೆ ಹೋದವು. ಆಮೇಲೆ ಸೀಟಿ.

ಅದೇ ಕೈಗವಸು ತೊಟ್ಟಿದ್ದ ತನ್ನ ಬಲಗೈಯನ್ನು ತಂಗಿ ಬೇರೆಯವರದ್ದೆಂಬಂತೆ ನೋಡಿಕೊಂಡಳು. ಏನೊಂದೂ ನೆನಪಿರಲಿಲ್ಲ.

ಮಾಮ ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟ. "ಅವತ್ತು ನಾನೂ ಕಣ್ಣಾರೆ ನೋಡಿರಲಿಲ್ಲ, ತಂಗಿ. ಹಗ್ಗ ಹಗುರಾದದ್ದಷ್ಟೇ ಗೊತ್ತು. ಅವನೇ ಬಿಚ್ಚಿಕೊಂಡ ಅಂತ ಬಾಯಲ್ಲಿ ಹೇಳ್ತಿದ್ದೆ. ನಾನೇ ಸರಿಯಾಗಿ ಹಾಕಿರಲಿಲ್ವೇನೋ ಅಂತ ದಿನಾ ಸಾಯ್ತಿದ್ದೆ."

ತಂಗಿ ಅವನ ಹೆಗಲ ಮೇಲೆ ಕೈಯಿಟ್ಟಳು. ಅವನನ್ನು ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು.

ನಾಳೆಗೆ ನೀರು ದೋಣಿಗೆ ಸಾಲದಷ್ಟು ಇಳಿದುಬಿಡುತ್ತದೆ ಎಂದು ನೆನಪಿಸಿದವಳು ಮಿಂಚುಳ್ಳಿ. ಅವಳು ಗೊಣಗುತ್ತಲೇ ಮತ್ತೆ ದೋಣಿ ಹೊತ್ತಳು.

ಈ ಸಲ ಮಾಮ ಕೊಕ್ಕೆಯ ಮೇಲೆ ಟೇಪು ಸುತ್ತಿದ. ತಂಗಿ ಚಿತ್ರ ಶುರುವಾಗಿದೆಯೆಂದು ತೋರಿಸುವ ಕೆಂಪು ಚುಕ್ಕೆ ಕಂಡ ಮೇಲೆಯೇ ಕ್ಯಾಮೆರಾ ಎತ್ತಿದಳು.

ಸೀಟಿ. ದೋಣಿ ಬಿತ್ತು. ನೊರೆಯಲ್ಲಿ ಮಗುಚಿತು. ಮಿಂಚುಳ್ಳಿ ನೀರೊಳಗೇ ಹುಟ್ಟು ಬೀಸಿ ಎದ್ದಳು, ಉಬ್ಬುಬಂಡೆಯತ್ತ ಕೊಚ್ಚಿಹೋದಳು.

ತಂಗಿಯ ಬಲಗೈ ಸೊಂಟದ ಕಡೆ ಹೊರಟಿತು. ಟೇಪು ಬೆರಳಿಗೆ ತಾಗಿತು. ಅವಳು ಕೈಯನ್ನು ವಾಪಸು ಕ್ಯಾಮೆರಾಕ್ಕೆ ತಂದು, ನಿಂತಲ್ಲೇ ನಿಂತಳು. ದೋಣಿ ಮರೆಯಾಯಿತು. ಬರೀ ನೀರು. ಅವಳು ಆ ಬರೀ ನೀರನ್ನೇ ಹಿಡಿದು ಕಾದಳು, ದೋಣಿ ಆಚೆ ಬದಿಯಿಂದ ಹೊರಬರುವ ತನಕ.

ಹಿಂದಿರುಗುವ ದಾರಿಯಲ್ಲೂ ಆ ಎಣಿಕೆ ಕೇಳುತ್ತಲೇ ಇತ್ತು. ಈಗ ಅವಳಿಗೆ ಹೆದರಿಕೆಯಾಗಲಿಲ್ಲ, ಅಳು ಬಂತು. ಮಾಮ ದೋಣಿ ಹೊತ್ತು ಮುಂದೆ ನಡೆದ.

ಅಮ್ಮ ಮೆಷಿನ್ ಮುಂದೆ ಕೂತು ರವಿಕೆಗೆ ತೋಳು ಕೂಡಿಸುತ್ತಿದ್ದಳು. ಮಾಮ ಬೀದಿಯಲ್ಲೇ ನಿಂತ. ತಂಗಿ ಕೊಕ್ಕೆ ಬಿಚ್ಚಿದ ಕೈಯ ಚಿತ್ರ ಹಾಕಿ ಕ್ಯಾಮೆರಾದ ಪರದೆಯನ್ನು ಅಮ್ಮನ ಮುಂದಿಟ್ಟಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಇನ್ನೊಮ್ಮೆ ಹಾಕಲು ಹೇಳಿದಳು.

"ಯಾರದು ಈ ಕೈ?"

"ನಂದೇ ಅಮ್ಮ. ಬಿಚ್ಚಿದ್ದು ನನಗೆ ಗೊತ್ತೇ ಇಲ್ಲ."

ಅಮ್ಮ ಪೆಡಲಿನ ಮೇಲಿದ್ದ ತನ್ನ ಕಾಲನ್ನು ನೋಡಿದಳು. "ಮೂವತ್ತು ವರ್ಷದಿಂದ ಈ ಕಾಲು ನನ್ನ ಕೇಳದೇ ತುಳಿಯುತ್ತೆ" ಎಂದಳು. ಆಮೇಲೆ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. "ಬಿಸಿಲಲ್ಲಿ ಯಾಕೆ ನಿಂತಿದ್ದೀಯಾ? ಒಳಗೆ ಬಾ."

ಮಾಮ ಬಂದು ಗೋಡೆಗೊರಗಿ ಕೂತ. ಅವನು ಆ ಮನೆಯ ನೆಲ ಮುಟ್ಟಿ ಎರಡು ವರ್ಷವಾಗಿತ್ತು. ಮಗ ಏನನ್ನು ನೋಡಲು ಅಲ್ಲಿಗೆ ಹೋಗಿದ್ದನೋ ಅದನ್ನು ತೋರಿಸು ಎಂದಳು ಅಮ್ಮ. ತಂಗಿ ಹಾಕಿದಳು. ದೋಣಿ ಧುಮುಕಿತು, ಮಗುಚಿತು, ಎದ್ದಿತು, ಬಂಡೆಯ ಹಿಂದೆ ಮರೆಯಾಯಿತು. ಪರದೆಯ ತುಂಬ ಬರೀ ನೀರು.

ಅಮ್ಮ ಮಾಮನ ಮಣಿಕಟ್ಟು ಹಿಡಿದುಕೊಂಡಳು. "ಬರ್ತಾಳಾ ಅವಳು?"

"ಬರ್ತಾಳೆ ಅಕ್ಕ, ನೋಡ್ತಿರು."

ಮೂವರೂ ಆ ನೀರನ್ನೇ ನೋಡುತ್ತ ಕೂತರು.