ಕೊಪ್ಪರಿಗೆಯೊಳಗಿನ ರಾಣಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಜಾಗ ಹುಡುಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಮೊಲ್ಲೆಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಮಕ್ಕಳಿಲ್ಲದೆ ತೀರಿಕೊಂಡ. ಹಾಗಾದಾಗ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಮೂರು ದಿನ ಬಿಡುವುದು ಅಲ್ಲಿಯ ಪದ್ಧತಿ. ಆನೆ ಯಾರ ಕೊರಳಿಗೆ ಮಾಲೆ ಹಾಕುವುದೋ ಅವರೇ ದೊರೆ. ಆನೆಯನ್ನು ನಡೆಸುವವನು ಮಾವುತನಲ್ಲ, ಮೇಲಿರುವ ದೇವರು ಎಂದು ಜನ ನಂಬಿದ್ದರು.

ಮಂತ್ರಿ ಧೂಮಾಂಗ ಮಾತ್ರ ನಂಬಿರಲಿಲ್ಲ. ಅವನು ಮಹಾ ಮಂತ್ರವಾದಿ. ನೀರು ಹೊರುವ ಸೀಮೋನ ತನಗೆ ಕೈಮುಗಿಯಲಿಲ್ಲವೆಂದು ಅವನನ್ನು ಹುಂಜ ಮಾಡಿ ಅಡುಗೆಮನೆಯ ಬುಟ್ಟಿಯಡಿ ಮುಚ್ಚಿಟ್ಟಿದ್ದ. "ನನ್ನ ಪಟ್ಟಾಭಿಷೇಕದ ಊಟಕ್ಕೆ ಇದರದೇ ಸಾರು," ಎಂದಿದ್ದ. ಆ ಸಾರಿನ ಕೊಪ್ಪರಿಗೆ ತಿಕ್ಕುವ ಕೆಲಸ ಯಾರದು? ಸೀಮೋನನ ಹೆಂಡತಿ ಹನ್ನಮ್ಮನದು. ಪಾಪ, ಅಳುತ್ತಲೇ ತಿಕ್ಕುತ್ತಿದ್ದಳು. "ದೇವರೇ, ಯಾರನ್ನಾದರೂ ದೊರೆ ಮಾಡಪ್ಪಾ, ಇವನೊಬ್ಬನನ್ನು ಬಿಟ್ಟು," ಎಂದು ಬೇಡುತ್ತಿದ್ದಳು.

ಮೊದಲ ದಿನ ಧೂಮಾಂಗ ಮೈಗೆಲ್ಲ ಬೆಲ್ಲದ ಪಾಕ ಬಳಿದುಕೊಂಡು ಅರಮನೆಯ ಅಂಗಳದಲ್ಲಿ ಮುಂದಿನ ಸಾಲಿನಲ್ಲಿ ನಿಂತ. ಆನೆ ಮಾಲೆಯನ್ನು ಮಾವುತನ ಕೈಗಿತ್ತು, ಧೂಮಾಂಗನನ್ನು ಅಡಿಯಿಂದ ಮುಡಿಯವರೆಗೆ ನೆಕ್ಕಿ, ಮಾಲೆ ವಾಪಸು ಇಸಿದುಕೊಂಡು ಲಾಯಕ್ಕೆ ಹೋಯಿತು.

ಎರಡನೆಯ ದಿನ ಅಂಗಳದಲ್ಲಿದ್ದವರನ್ನೆಲ್ಲ ಕುಂಬಳಕಾಯಿ ಮಾಡಿ ತಾನೊಬ್ಬನೇ ನಿಂತ. ಆನೆ ಕುಂಬಳಕಾಯಿಗಳ ನಡುವೆ ಜಾಗ ಮಾಡಿಕೊಂಡು ಮಲಗಿ ಗೊರಕೆ ಹೊಡೆಯಿತು. ಕುಂಬಳಕಾಯಿಗಳು ಜೈಕಾರ ಹಾಕುವುದಿಲ್ಲವಲ್ಲ, ಸಂಜೆ ಅವನೇ ಎಲ್ಲರನ್ನೂ ಮತ್ತೆ ಮನುಷ್ಯರನ್ನಾಗಿ ಮಾಡಬೇಕಾಯಿತು.

ಮೂರನೆಯ ದಿನ ಬೆಳಗಾಗುತ್ತಲೇ, ಯಾರಿಗೂ ತಿಳಿಯದಂತೆ ಪಟ್ಟದಾನೆಯನ್ನು ಬಚ್ಚಿಟ್ಟು ತಾನೇ ಆನೆಯಾದ. ಮಾಲೆಯನ್ನು ತನ್ನ ಕೊರಳಿಗೇ ಹಾಕಿಕೊಂಡು, ಆಮೇಲೆ ಮನುಷ್ಯನಾಗುವುದು ಅವನ ಉಪಾಯ. ಆದರೆ ನೋಡಿ ಮಜಾ, ಮೈಯೇನೋ ಅವನದೇ, ಕಾಲುಗಳು ಮಾತ್ರ ಅವನ ಮಾತು ಕೇಳಲಿಲ್ಲ. ಅಂಗಳ ದಾಟಿ ನೆಟ್ಟಗೆ ಅಡುಗೆಮನೆಗೆ ನಡೆದವು.

ಅಲ್ಲಿ ಹನ್ನಮ್ಮ ಬುಟ್ಟಿ ಎತ್ತಿ, ಹುಂಜವನ್ನು ಎದೆಗವಚಿಕೊಂಡು ಕೊಪ್ಪರಿಗೆಯೊಳಗೆ ಅಡಗಿ ಕೂತಿದ್ದಳು. ಸೊಂಡಿಲು ಒಳಗಿಳಿಯಿತು. ಧೂಮಾಂಗ ಎಷ್ಟು ಹಿಂದಕ್ಕೆಳೆದರೂ ಅದು ಮಾಲೆಯನ್ನು ಅವಳ ಕೊರಳಿಗೆ ಹಾಕಿಯೇ ಬಿಟ್ಟಿತು. ಆ ಕ್ಷಣವೇ ಹುಂಜ ಹೋಗಿ ಸೀಮೋನ ಬಂದ. ಒಂದು ಕೊಪ್ಪರಿಗೆಗೆ ಇಬ್ಬರು ಹೆಚ್ಚಾಗಿ ಅದು ಮಗುಚಿಕೊಂಡಿತು.

ಹನ್ನಮ್ಮ ಎದ್ದವಳೇ, ಹಿಂದೆಯೇ ಓಡಿಬಂದಿದ್ದ ಮುದಿ ಮಾವುತ ಏಲಿಯಪ್ಪನ ಕಾಲು ಹಿಡಿದಳು. "ನನಗೆ ಬೇಡ ತಾತ. ಪಾತ್ರೆ ತಿಕ್ಕೋದು ಬಿಟ್ಟು ನನಗೇನೂ ಬರೋದಿಲ್ಲ."

"ಬರುತ್ತಾ ಅಂತ ನಿನ್ನನ್ನು ಯಾರು ಕೇಳಿದರು, ತಾಯಿ?" ಎಂದ ಏಲಿಯಪ್ಪ. "ಆರಿಸೋದು ನೀನೂ ಅಲ್ಲ, ನಾನೂ ಅಲ್ಲ. ಏಳು, ಹೊತ್ತಾಯಿತು."

ಧೂಮಾಂಗ ಮನುಷ್ಯನಾಗಲು ಮಂತ್ರ ಹೇಳಹೋದ. ಆನೆಯ ಬಾಯಿಂದ ಬಂದದ್ದು ಬರೀ ಘೀಳು. ಸಿಂಹಾಸನದ ತನಕ ಅವನು ಹೋದದ್ದು ನಿಜ, ಬೆನ್ನ ಮೇಲೆ ಹನ್ನಮ್ಮನನ್ನು ಹೊತ್ತುಕೊಂಡು.

ಆಮೇಲೆ ಮೊಲ್ಲೆಗಿರಿಯ ಜನ ಹೊಟ್ಟೆತುಂಬ ಉಂಡು, ಹೆದರಿಕೆಯಿಲ್ಲದೆ ಸುಖವಾಗಿದ್ದರು. ಹನ್ನಮ್ಮ ರಾಣಿ ಮೂವತ್ತು ವರ್ಷ ಸಿಂಹಾಸನದ ತುದಿಯಲ್ಲೇ ಕೂತು ಆಳಿದಳು. "ಹಿಂದೆ ಸರಿದು ಆರಾಮಾಗಿ ಕೂತ್ಕೊಳ್ಳೇ," ಎಂದು ಸೀಮೋನ ಹೇಳಿದರೆ, "ಕೂರಿಸಿದವನು ಏಳು ಅಂದರೆ ತಕ್ಷಣ ಏಳಬೇಕಲ್ರೀ," ಎನ್ನುತ್ತಿದ್ದಳು.